ಇಂಗಿನ ಡಬ್ಬಿಯೊಳಗಿನ ಫೋಟೋ

ಹೋದ ವಾರ ಒಂದು ಇಂಗಿನ ಡಬ್ಬಿ ನನ್ನ ಕೈಗೆ ಬಂತು. ಇಂಗು ಮುಗಿದು ವರ್ಷಗಳೇ ಆಗಿದ್ದರೂ ಮುಚ್ಚಳ ತೆಗೆದ ಕೂಡಲೇ ವಾಸನೆ ಮೂಗಿಗೆ ಬಡಿಯಿತು. ಒಳಗೊಂದು ಪೆನ್‌ಡ್ರೈವ್. ಸಣ್ಣ ಸಾಮಾನು ಕಪಾಟಿನಲ್ಲಿಟ್ಟರೆ ಕಳೆಯುತ್ತದೆ, ಅಡಿಗೆಮನೆಯಲ್ಲಿಟ್ಟರೆ ಕಳೆಯುವುದಿಲ್ಲ ಎನ್ನುವುದು ಮೇಲಿನ ಮನೆಯ ವೈನಿಯ ನಂಬಿಕೆ. ಅದನ್ನು ಕಂಪ್ಯೂಟರಿಗೆ ಸಿಗಿಸಿದರೆ ನನ್ನ ಮೇಜೆಲ್ಲ ಒಗ್ಗರಣೆ ಹಾಕಿದಂತೆ ನಾರುತ್ತಿತ್ತು...

ತೆಲುಗಿನವರೇ ತುಂಬಿದ ನಾಚಾರಂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಮನೆಗಳು ಎರಡೇ. ಕೆಳಗೆ ನಾವು, ಮೇಲೆ ಅವರು. ರಕ್ತಸಂಬಂಧವೇನೂ ಇಲ್ಲ, ಆದರೂ ಬಂದ ದಿನದಿಂದ ಅವರು ನನಗೆ ವೈನಿ, ಅಂದರೆ ಅತ್ತಿಗೆ; ನಾನು ಅವರಿಗೆ ಅಕ್ಕಾರು. ಮಹಿಳಾ ಮಂಡಳದ ಸಂಚಿಕೆಗೆಂದು ನಾನು ಕಂಪ್ಯೂಟರಿನಲ್ಲಿ ಫೋಟೋ ಕತ್ತರಿಸುವುದನ್ನು ಕಲಿತೆ. ಕಲಿತದ್ದನ್ನು ವೈನಿಗೆ ಹೇಳಿದೆ. ಹೇಳಬಾರದಿತ್ತು.

ಅಂದಿನಿಂದ ಮಧ್ಯಾಹ್ನ ನಾನು ಅಡ್ಡಾಗುವ ಹೊತ್ತಿಗೆ ಸರಿಯಾಗಿ ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳ. “ಅಕ್ಕಾರ, ಮಲಗೀರೇನ್ರಿ?” ಎಂದು ಕೇಳುತ್ತಲೇ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಿರುತ್ತಿದ್ದರು. ಒಂದು ಫೋಟೋದಲ್ಲಿ ಹಿಂದೆ ನಿಂತ ಅಡಿಗೆಯವನನ್ನು ತೆಗೆಯಬೇಕು. ಇನ್ನೊಂದರಲ್ಲಿ ಫ್ಯಾನು ತೆಗೆಯಬೇಕು. ತೆಗೆದು ಮುಗಿಸಿ ನಾನು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ, “ಫ್ಯಾನು ಇರ್ಬೇಕಿತ್ತೇನ್ರಿ? ತಲಿ ಮ್ಯಾಲ ಬಿಕೋ ಅನ್ನಾಕತ್ತೈತಿ.” ಪರದೆಯನ್ನು ಮುಟ್ಟಿ ಮುಟ್ಟಿ ತೋರಿಸುವ ಚಾಳಿ ಬೇರೆ. ಅವರು ಎದ್ದು ಹೋದ ಮೇಲೆ ಎಣ್ಣೆ ಬೆರಳಿನ ಗುರುತು ಒರೆಸುವುದೇ ನನಗೊಂದು ಕೆಲಸವಾಗಿತ್ತು.

ಒಂದು ದಿನ ಪೆನ್‌ಡ್ರೈವಿನಲ್ಲಿ ಮಗನ ಮುಂಜಿಯ ಫೋಟೋ ತಂದರು. ನಮ್ಮಲ್ಲಿ ಆರತಿ ಮಾಡಲು ಇಬ್ಬರು ಮುತ್ತೈದೆಯರು ಬೇಕು, ತಾಟನ್ನು ಆ ಕಡೆ ಒಬ್ಬರು, ಈ ಕಡೆ ಒಬ್ಬರು ಹಿಡಿಯಬೇಕು. ಫೋಟೋದಲ್ಲಿ ಎಡಕ್ಕೆ ವೈನಿ, ಬಲಕ್ಕೆ ಅವರ ನೆಗೆಣ್ಣಿ. ಅಂದರೆ ಮೈದುನನ ಹೆಂಡತಿ, ಊರಿನ ಆ ತುದಿಯ ಮಣಿಕೊಂಡದಲ್ಲಿರುವವರು. ನಡುವೆ ತಾಟು, ದೀಪ. ಚೆಂದದ ಅಗಲ ಫೋಟೋ. ಅದಕ್ಕೆಂದೇ ವೈನಿ ನಾಂಪಲ್ಲಿಯ ನುಮಾಯಿಷಿಗೆ, ವರ್ಷವರ್ಷದ ವಸ್ತುಪ್ರದರ್ಶನಕ್ಕೆ, ಹೋದಾಗ ಅಷ್ಟೇ ಅಗಲದ ಫ್ರೇಮು ತಂದಿಟ್ಟುಕೊಂಡಿದ್ದರು.

“ಆಕಿನ್ನ ತಗೀರಿ,” ಅಂದರು.

“ಯಾರನ್ನ?”

“ಮತ್ತ ಯಾರನ್ನ? ಮಣಿಕೊಂಡದಾಕಿನ್ನ.”

ನೆಂಟರೆಲ್ಲ ಕೂತ ಪಂಕ್ತಿಯಲ್ಲಿ ನೆಗೆಣ್ಣಿ, “ಈ ಸರ್ತಿ ಹೋಳಿಗಿ ಸ್ವಲ್ಪ ಬಿರುಸಾಗ್ಯಾವು” ಅಂದಿದ್ದರಂತೆ. ಅಷ್ಟಕ್ಕೇ ಇಬ್ಬರ ನಡುವೆ ಮಾತು ನಿಂತಿತ್ತು.

ನಾನು ಚೌಕ ಎಳೆದೆ. ನೆಗೆಣ್ಣಿ ಹೊರಗೆ ಹೋದರು, ಜೊತೆಗೆ ಅರ್ಧ ತಾಟೂ ಹೋಯಿತು.

“ಅಯ್ಯ, ತಾಟು ಯಾಕ ಕಡದ್ರಿ?”

ಚೌಕವನ್ನು ಹಿಗ್ಗಿಸಿದೆ. ತಾಟು ಪೂರ್ತಿ ಬಂತು. ಅದರಂಚಿಗೆ ನೆಗೆಣ್ಣಿಯ ಬೆರಳುಗಳು, ಹಸಿರು ಬಳೆ.

“ಕೈ ಬಂತಲ್ಲರಿ!”

“ತಾಟು ಬೇಕಂದ್ರ ಕೈ ಬರೂದೇ, ವೈನಿ. ಇದು ಚೌಕಾಗಿ ಕತ್ತರಿಸ್ತೈತಿ, ಅಕ್ಕಿಯೊಳಗಿನ ಹರಳು ಆರಿಸಿಧಾಂಗ ಮನಷ್ಯಾರನ್ನ ಆರಿಸಿ ತಗ್ಯಾಂಗಿಲ್ಲ. ಬೇಕಾದ್ರ ಬೆರಳಿನ ಮ್ಯಾಲ ಬಣ್ಣ ಬಳದು ಅಳಸ್ತೀನಿ.”

ವೈನಿ ಪರದೆಯನ್ನೇ ನೋಡುತ್ತ ಕೂತರು. “ಅಳಸಿದ್ರ ತಾಟು ಬೀಳತೈತಲ್ಲರಿ... ಇರ್ಲಿ ಬಿಡ್ರಿ ಕೈ. ಮಾರಿ ಕಾಣಬಾರದು, ಅಷ್ಟ.”

ಆಮೇಲೆ, “ನಾ ಇಷ್ಟು ಕಪ್ಪ ಅದೀನೇನ್ರಿ?” ಎಂದು ತಮ್ಮ ಮುಖ ಬೆಳ್ಳಗೆ ಮಾಡಿಸಿಕೊಂಡರು. ಅದು ಮುಗಿದ ಮೇಲೆ ಪೂರ್ತಿ ಫೋಟೋ ಅಳಿಸಿಬಿಡಬೇಕೆಂದು ಹಟ. ಬೇಡ, ಎಲ್ಲೋ ಒಂದು ಮೂಲೆಯಲ್ಲಿರಲಿ, ನಾಳೆ ರಾಜಿಯಾದರೆ ಬೇಕಾಗುತ್ತದೆ ಎಂದೆ. “ಇದ್ರ ನೋಡಬೇಕನಸತೈತಿ. ಸರೀರಿ, ನಾನ ಒತ್ತತೀನಿ,” ಎಂದು ತಾವೇ ಒತ್ತಿದರು.

ಕತ್ತರಿಸಿದ ಫೋಟೋ ಆ ಫ್ರೇಮಿಗೆ ಸಾಲಲಿಲ್ಲ. ಬಲಗಡೆ ಬಿಳೀ ಪಟ್ಟಿ ಉಳಿಯಿತು. ಅದಕ್ಕೂ ನನ್ನನ್ನೇ ಬೈದರು. ಸಣ್ಣ ಫ್ರೇಮು ತನ್ನಿ ಎಂದರೆ ತರಲಿಲ್ಲ. ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಹೋದಾಗೆಲ್ಲ ಆ ಬಿಳೀ ಪಟ್ಟಿ ನನ್ನ ಕಣ್ಣು ಚುಚ್ಚುತ್ತಿತ್ತು. ವೈನಿ ಅದರತ್ತ ನೋಡಿ, ಅದು ನನ್ನದೇ ತಪ್ಪೆಂಬಂತೆ ನನ್ನತ್ತ ನೋಡುತ್ತಿದ್ದರು.

“ಅಕ್ಕಾರ, ತಗದದ್ದನ್ನ ಮತ್ತ ಹಚ್ಚಾಕ ಬರ್ತೈತೇನ್ರಿ?”

“ಅಳಸಿದವರು ನೀವ ಅಲ್ಲೇನ್ರಿ?”

“ತಗ್ಯಾಕ ಬರ್ತೈತಿ, ಹಚ್ಚಾಕ ಬರಂಗಿಲ್ಲ ಅಂದ್ರ ಅದೆಂಥಾ ಕಂಪ್ಯೂಟರ್ರಿ!”

“ಅವರ ಹತ್ರ ಇರ್ತೈತಿ, ಒಂದು ಫೋನ್ ಮಾಡ್ರಿ.”

“ನಾ ಯಾಕ ಮಾಡ್ಲಿ? ದೊಡ್ಡಾಕಿ ನಾನು. ಆಕಿ ಮಾಡ್ಲಿ.”

ಈ ಮಾತಿಗೆ ಬಂದರೆ ಮುಗಿಯಿತು. ನಾನು ಚಹಾಕ್ಕೆ ಇಡಲು ಎದ್ದುಬಿಡುತ್ತಿದ್ದೆ.

ಫೋನು ಇವರೂ ಮಾಡಲಿಲ್ಲ, ಅವರೂ ಮಾಡಲಿಲ್ಲ. ಈ ಬೇಸಿಗೆಯಲ್ಲಿ ವೈನಿ ಹೋಗಿಬಿಟ್ಟರು. ಜ್ವರ ಅಂದರು, ಆಸ್ಪತ್ರೆ ಅಂದರು, ನಾನು ಗಂಜಿ ಮಾಡಿಕೊಂಡು ಹೋಗೋಣ ಎನ್ನುವಷ್ಟರಲ್ಲಿ...

ಇಂಗಿನ ಡಬ್ಬಿ ತಂದವರು ಅದೇ ನೆಗೆಣ್ಣಿ. ವೈನಿಯ ಗಂಡ, ಮಗ ಊರಿಗೆ ಹೋಗಿದ್ದರು; ಬೀಗ ಹಾಕಿದ್ದ ಮೇಲಿನ ಮನೆಯ ಅಡಿಗೆ ಸಾಮಾನು ಎತ್ತಿಡಲು ಇವರು ಬಂದಿದ್ದರು. ಗೋಡೆಯ ಮೇಲಿನ ಫ್ರೇಮನ್ನೂ ಕಂಕುಳಲ್ಲಿ ಹಿಡಿದು ತಂದಿದ್ದರು. ವೈನಿ ಕೂರುತ್ತಿದ್ದ ಕುರ್ಚಿಯಲ್ಲೇ ಕೂತು, ಪೆನ್‌ಡ್ರೈವಿನ ಫೋಟೋ ತೆರೆದುಕೊಂಡ ಕೂಡಲೇ ಪರದೆಯನ್ನು ಬೆರಳಿನಿಂದ ಮುಟ್ಟಿದರು.

“ಇವು ನನ್ನ ಬೆರಳು. ನನ್ನ ಕೈ ಯಾಕ ಬಿಟ್ಲು?”

“ತಾಟು ಬೀಳತೈತಿ ಅಂದ್ರು.”

ಅವರು ಚೀಲದಿಂದ ಫೋನು ತೆಗೆದು ನನ್ನ ಮುಂದೆ ಹಿಡಿದರು. ಅದೇ ಮುಂಜಿ, ಅದೇ ಆರತಿ. ಇದರಲ್ಲಿ ವೈನಿ ಇಲ್ಲ. ತಾಟು ಮಾತ್ರ ಪೂರ್ತಿ ಇದೆ, ಅದರಂಚಿಗೆ ವೈನಿಯ ಬೆರಳುಗಳು.

“ನಾನೂ ಆಕಿನ್ನ ತಗಸಿದ್ನಿರಿ, ಮಗಳ ಕಡಿಂದ. ಸಿಟ್ಟು ಬಂದಿತ್ತು. ತಾಟು ಕಡ್ಯಾಕ ಮನಸು ಬರಲಿಲ್ಲ.”

ನನಗೆ ಹಣೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಇಷ್ಟು ವರ್ಷ ಎರಡು ಮನೆಯಲ್ಲಿ ಒಂದೊಂದು ಅರ್ಧ ಇಟ್ಟುಕೊಂಡು, ನೀನು ಮಾಡು ನೀನು ಮಾಡು ಎಂದು ಫೋನು ಕಾಯುತ್ತ ಕೂತಿದ್ದರಲ್ಲ ಈ ಪುಣ್ಯಾತ್ಮರು!

ಮಧ್ಯಾಹ್ನವಿಡೀ ಕೂತು ತಾಟಿನ ಮೇಲೆ ತಾಟು ಸರಿಸಿ ಕೂಡಿಸಿದೆ. ಒಂದು ಸಲ ದೀಪ ಎರಡಾಯಿತು, ಒಂದು ಸಲ ತಾಟು ಸೊಟ್ಟಗಾಯಿತು. ಹೇಗೋ ಕೂತಿತು ಅನ್ನುವಾಗ, “ನನ್ನ ಮಾರೀನೂ ಸ್ವಲ್ಪ ಬೆಳ್ಳಗ ಮಾಡ್ರಿ, ಆಕಿ ಒಬ್ಬಾಕಿನ ಹೊಳ್ಯಾಕತ್ತಾಳ,” ಎಂದರು. ಮಾಡಿದೆ. ಏನು ಮಾಡಿದರೂ ತಾಟಿನ ನಡುವೆ ಒಂದು ಗೆರೆ ಉಳಿದೇ ಉಳಿಯಿತು. ಇನ್ನೊಂದು ಸಲ ನೋಡುತ್ತೇನೆ ಎಂದರೆ, ಅವರು ತಲೆಯಾಡಿಸಿದರು. “ಇರ್ಲಿ ಬಿಡ್ರಿ. ಗೆರಿ ನಾವ ಎಳದದ್ದು.”

ಅಚ್ಚು ಹಾಕಿಸಿ ತಂದು ಫ್ರೇಮಿಗೆ ಸೇರಿಸಿದಾಗ ಬಿಳೀ ಪಟ್ಟಿ ಇರಲಿಲ್ಲ. ಮಣಿಕೊಂಡಕ್ಕೆ ಒಯ್ಯುತ್ತಾರೆ ಅಂದುಕೊಂಡಿದ್ದೆ. ಮೇಲಿನ ಮನೆಗೆ ಹತ್ತಿ ಹೋಗಿ, ಅದೇ ಮೊಳೆಗೆ ತೂಗಿಹಾಕಿ, ಕೀಲಿ ನನಗೆ ಕೊಟ್ಟು ಹೊರಟರು.

ಪರದೆಯ ಮೇಲೆ ಎಣ್ಣೆ ಬೆರಳಿನ ಗುರುತು ಉಳಿದಿದೆ. ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತಾಗ ಒರೆಸುವ ಬಟ್ಟೆ ಕೈಗೆ ತೆಗೆದುಕೊಳ್ಳುತ್ತೇನೆ, ಮತ್ತೆ ಇಟ್ಟುಬಿಡುತ್ತೇನೆ. ಅದು ನೆಗೆಣ್ಣಿಯದು, ಗೊತ್ತು. ವೈನಿಯದನ್ನು ನಾನು ಅಂದಂದೇ ಒರೆಸಿಬಿಟ್ಟಿದ್ದೇನೆ...