ಮುನಿಗಂಗಮ್ಮನ ಹುಳುಮನೆಗೆ ಬಂದ ಸೂಪರ್‌ವೈಸರ್

ಸಾದಲಿ ಹತ್ತಿರದ ಹಳ್ಳಿಯ ಮುನಿಗಂಗಮ್ಮ ಗಂಡ ತೀರಿಕೊಂಡ ಮೇಲೂ ರೇಷ್ಮೆಹುಳು ಸಾಕುವುದನ್ನು ಬಿಡಲಿಲ್ಲ. ಹುಳುಗಳು ಚಿಕ್ಕವಿರುವಾಗ ಅವಳ ಅರ್ಧ ಎಕರೆಯ ಹಿಪ್ಪುನೇರಳೆ ಸೊಪ್ಪು ಸಾಕಾಗುತ್ತಿತ್ತು. ಕೊನೆಯ ಸಲ ಪೊರೆ ಬಿಟ್ಟು ಎದ್ದ ಮೇಲೆ ಮಾತ್ರ ಅವು ಎಷ್ಟು ಹಾಕಿದರೂ ಮುಗಿಸಿಬಿಡುತ್ತಿದ್ದವು. ಆಗ ದೊಡ್ಡ ತೋಟದವರಿಂದ ಸೊಪ್ಪು ಕಡ ತರಬೇಕು; ಗೂಡು ಕಟ್ಟಿದ ಮೇಲೆ ಅವರು ಹೇಳಿದ ಬೆಲೆಗೆ ಅವರಿಗೇ ಕೊಡಬೇಕು. ವರ್ಷಗಟ್ಟಲೆ ಹೀಗೇ ನಡೆಯಿತು.

ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ, ಸಹಕಾರ ಸೊಸೈಟಿಯವರು ಚಿಕ್ಕ ರೈತರಿಗೂ ಬೆಳೆಯ ಮೇಲೆ ಸಾಲ ಕೊಡುತ್ತಾರೆಂದು ಮೈದುನ ನರಸಪ್ಪ ಸುದ್ದಿ ತಂದ. ಮುನಿಗಂಗಮ್ಮ ಷೇರು ಕಟ್ಟಿ ಮೆಂಬರಾದಳು. ಸೊಸೈಟಿಯ ಸೂಪರ್‌ವೈಸರ್ ಬಂದು ಹುಳುಗಳನ್ನು ಕಣ್ಣಾರೆ ನೋಡಿದರೆ ಮಾತ್ರ ಸಾಲ. ಅವರು ಬಂದ ದಿನ ಮನೆಯಲ್ಲಿ ಒಂದು ಹೊತ್ತಿನ ಸೊಪ್ಪಷ್ಟೇ ಉಳಿದಿತ್ತು.

ಸೂಪರ್‌ವೈಸರ್ ಚನ್ನಕೇಶವ ಸೈಕಲ್ ನಿಲ್ಲಿಸಿ, ಚಿಟಿಕೆ ನಶ್ಯ ಏರಿಸಿ ಬಾಗಿಲಿಗೆ ಬಂದರು. ಮುನಿಗಂಗಮ್ಮ ಅಡ್ಡ ನಿಂತಳು.

“ಒಳಕ್ಕೆ ಬರಬ್ಯಾಡಿ ಸ್ವಾಮಿ. ನಶ್ಯದ ಗಾಳಿ ಸೋಕಿದ್ರೆ ನನ್ನ ಹುಳ ಉಳಿಯಲ್ಲ. ಒಂದು ತಟ್ಟೆ ಹುಳ ಈಚೆಗೆ ತಂದು ತೋರಿಸ್ತೀನಿ.”

“ಒಂದು ತಟ್ಟೆ ಪಕ್ಕದ ಮನೇಲೂ ಸಿಗ್ತದೆ ಕಣಮ್ಮ. ಎಲ್ಲಾ ನೋಡದೆ ಹೆಂಗೆ ಬರೀಲಿ?”

“ಅತ್ಗೆಮ್ಮ, ಬಾಗ್ಲಿಗೆ ಬಂದ ಲಕ್ಷ್ಮೀನ ಓಡುಸ್ತಿದ್ದೀಯಲ್ಲ!” ಎಂದು ನರಸಪ್ಪ ಹಲ್ಲು ಕಡಿದ.

“ಲಕ್ಷ್ಮಿ ನಶ್ಯ ಏರುಸ್ತಾಳೇನೋ?”

ಚನ್ನಕೇಶವ ತಿರುಗಿ ನಡೆದರು. ನರಸಪ್ಪ ಹಿಂದೆಯೇ ಓಡಿದ. ಮುನಿಗಂಗಮ್ಮ ಬಾಗಿಲಲ್ಲೇ ಉಳಿದಳು. ಇನ್ನು ದೊಡ್ಡ ತೋಟವೇ ಗತಿ. ಆದರೂ ಸೂಪರ್‌ವೈಸರನ್ನು ಕೂಗಿ ಕರೆಯಲು ಮನಸ್ಸು ಬರಲಿಲ್ಲ. ಒಳಗೆ ಹುಳುಗಳು ಅಷ್ಟು ಚೆನ್ನಾಗಿ ಎದ್ದಿದ್ದವು.

ಸ್ವಲ್ಪ ಹೊತ್ತಿಗೆ ಬಾವಿಯ ಕಡೆಯಿಂದ ನರಸಪ್ಪನ ಕೂಗು ಕೇಳಿತು. “ಅತ್ಗೆಮ್ಮ, ಒಗೆದ ಪಂಚೆ ಇದ್ರೆ ಕೊಡು! ಸಾಹೇಬ್ರು ಸ್ನಾನ ಮಾಡ್ತಾವ್ರೆ!”

ಮೊಣಕಾಲು ಮುಟ್ಟುವ ನರಸಪ್ಪನ ಪಂಚೆ ಉಟ್ಟು, ನೀರು ತೊಟ್ಟಿಕ್ಕಿಸುತ್ತಾ ಸಾಹೇಬರು ಬಂದರು.

“ಮೂಗೂ ತೊಳ್ಕೊಂಡಿವ್ನಿ ಕಣಮ್ಮ. ನಮ್ಮಜ್ಜೀನೂ ಹುಳ ಸಾಕ್ತಿದ್ಲು. ನಮ್ಮ ತಾತಂಗೂ ನಶ್ಯದ ಚಟ; ಹುಳ ಎದ್ದಾಗ ಅವ್ರಿಗೆ ಜಗಲಿ ಮೇಲೇ ಊಟ.”

ಮುನಿಗಂಗಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡು ದಾರಿ ಬಿಟ್ಟಳು. ಅವರು ತಟ್ಟೆ ತಟ್ಟೆಯನ್ನೂ ನೋಡಿ, ಹೊರಗೆ ಬಂದು ಬರೆದುಕೊಂಡರು. ಅಂದೇ ಸಂಜೆ ಸೊಸೈಟಿಯಲ್ಲಿ ಹಣ ಸಿಕ್ಕಿತು. ನರಸಪ್ಪ ಪಕ್ಕದೂರಿನಿಂದ ಗಾಡಿ ತುಂಬ ಸೊಪ್ಪು ತಂದ. ಹುಳುಗಳು ಮೇಯತೊಡಗಿದ ಮೇಲೆ ಮುನಿಗಂಗಮ್ಮ ಗೋಡೆಗೆ ಒರಗಿ ಕಾಲು ಚಾಚಿದಳು.

ಗೂಡು ಬಿಡಿಸಿದ ದಿನ ದೊಡ್ಡ ತೋಟದ ಆಳು ಎಂದಿನಂತೆ ಮಂಕರಿ ಹಿಡಿದು ಬಂದು ತಮ್ಮ ಬೆಲೆ ಹೇಳಿದ.

“ಈ ಬೆಲೆಗೆ ಕೊಡಲ್ಲ ಕಣಪ್ಪ. ಶಿಡ್ಲಘಟ್ಟಕ್ಕೆ ಹಾಕ್ಕೊಂಡೋಗಿ ನಾನೇ ಮಾರ್ಕೊತೀನಿ,” ಎಂದಳು ಮುನಿಗಂಗಮ್ಮ.

ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು.