ಬಾಯಲ್ಲಿ ಊದುವ ದೋಣಿ

ದೋಣಿಯ ಬಣ್ಣ ಹಳದಿ ಎಂದು ನನ್ನ ನೆನಪು. ಅವ್ವನನ್ನು ಕೇಳಿದರೆ, "ಎಲ್ಲಿ ಅಳದಿ? ಕೆರೆ ಮಣ್ಣಿನ್ ಬಣ್ಣ ಕಣಮ್ಮ" ಅನ್ನುತ್ತಾಳೆ. ವರ್ಷದ ವಿಷಯದಲ್ಲೂ ನನಗೆ ಪೂರ್ತಿ ಧೈರ್ಯವಿಲ್ಲ. ಯುದ್ಧ ಮುಗಿದಿತ್ತು, ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ, ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲೇ ಓಡುತ್ತಿದ್ದವು. ಇಷ್ಟು ಖಚಿತ. ಬಣ್ಣದಲ್ಲೇ ಹೀಗಾದರೆ ಉಳಿದದ್ದರಲ್ಲಿ ಇವಳನ್ನು ಹೇಗೆ ನಂಬುವುದು ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ನನಗೂ ಹಾಗೇ ಅನ್ನಿಸುತ್ತದೆ.

ಆಗ ಬೆಂಗಳೂರಿನಲ್ಲಿ ದಂಡಿನವರು ಬಿಟ್ಟುಹೋದ ಸಾಮಾನು ಮಾರುವ ಅಂಗಡಿಗಳು ಎದ್ದಿದ್ದವು. ಮಂಡ್ಯದ ನಮ್ಮ ಬೀದಿಯ ಅರ್ಧದಷ್ಟು ಗಂಡಸರು ಆ ಚಳಿಗಾಲ ಸಿಪಾಯಿ ಕೋಟು ತೊಟ್ಟು ಹಾಲು ತರಲು ಹೋಗುತ್ತಿದ್ದರು. ಅಪ್ಪನಿಗೆ ಕೋಟು ಬೇಕಿರಲಿಲ್ಲ. ವಿಮಾನದವರು ಸಮುದ್ರಕ್ಕೆ ಬಿದ್ದರೆ ಇರಲಿ ಎಂದು ಮಡಿಸಿ ಇಟ್ಟುಕೊಳ್ಳುತ್ತಿದ್ದ ರಬ್ಬರ್ ದೋಣಿಗಳೂ ಅಲ್ಲಿ ಸಿಗುತ್ತವೆ ಎಂದು ಯಾರೋ ಹೇಳಿದ್ದರು. ಇಂಗ್ಲಿಷ್ ಚೀಟಿ ಓದಲು ನನ್ನನ್ನು ಕರೆದುಕೊಂಡು ಹೋದ. ಬಿ.ಎ. ಓದಿದ್ದಕ್ಕೆ ನನಗೆ ಸಿಕ್ಕ ಮೊದಲ ಉದ್ಯೋಗ ಅದೇ ಇರಬೇಕು.

ನಮ್ಮ ಕೈಗೆಟಕುವಂಥವು ಎರಡಿದ್ದವು. ಒಂದಕ್ಕೆ ಕಾಲಲ್ಲಿ ತುಳಿದು ಗಾಳಿ ತುಂಬುವ ತಿದಿ ಇತ್ತು, ಬೆಲೆ ಸ್ವಲ್ಪ ಹೆಚ್ಚು. ಇನ್ನೊಂದಕ್ಕೆ ಎಡಕ್ಕೊಂದು ಬಲಕ್ಕೊಂದು ರಬ್ಬರ್ ನಳಿಗೆ, ಬಾಯಲ್ಲಿ ಊದಬೇಕು. ಅಪ್ಪ ತಿದಿಯನ್ನು ಒಮ್ಮೆ ತುಳಿದು, ಬಂದ ಗಾಳಿಯನ್ನು ಅಂಗೈಯಲ್ಲಿ ಹಿಡಿದು ನೋಡಿದ. ಆಮೇಲೆ ಇನ್ನೊಂದನ್ನು ತೋರಿಸಿ, "ಇದೇ ಕಟ್ಟಿಕೊಡಿ" ಅಂದ.

"ಊದಿ ಊದಿ ಸುಸ್ತಾಗ್ತೀರಾ ಸಾಹೇಬ್ರೆ" ಅಂದ ಅಂಗಡಿಯವನು.

"ತಿದಿ ಕೆಟ್ರೆ ಮಂಡ್ಯದಲ್ಲಿ ರಿಪೇರಿ ಮಾಡೋರು ಯಾರವ್ರೆ? ಬಾಯಾದ್ರೆ ನಮ್ದೇ."

ಅಂಗಡಿಯವನು ನಕ್ಕ. ನನಗೆ ನಗು ಬರಲಿಲ್ಲ.

ಏಕೆಂದರೆ ಅಪ್ಪ ಆರೋಗ್ಯಧಾಮದಿಂದ ಬಂದು ಮೂರು ತಿಂಗಳಾಗಿತ್ತಷ್ಟೆ. ಕ್ಷಯ. ಒಂದೂವರೆ ವರ್ಷ ಮಂಚದ ಮೇಲೆ ಮಲಗಿ ಗುಣವಾಗಿ, ಕಫದಲ್ಲಿ ಕ್ರಿಮಿಗಳಿಲ್ಲ ಎಂದು ಡಾಕ್ಟರು ಬರೆದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಅದನ್ನೂ ನಾನೇ ಓದಿ ಎಲ್ಲರಿಗೂ ಕನ್ನಡದಲ್ಲಿ ಹೇಳಿದೆ. ಎಲ್ಲರೂ ಸಂತೋಷಪಟ್ಟರು. ಆದರೂ ಅವನ ಲೋಟ, ತಟ್ಟೆ ಗೋಡೆಯ ಗೂಡಿನಲ್ಲಿ ಬೇರೆಯಾಗಿಯೇ ಉಳಿದವು. ಹಾಗೆ ಇಟ್ಟವಳು ಮಳವಳ್ಳಿಯಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ, ಅಪ್ಪನ ಅಕ್ಕ. ಅವಳನ್ನು ಬೈಯಲಾರೆ. ಗಂಡನನ್ನು ಅದೇ ಕಾಯಿಲೆಗೆ ಕೊಟ್ಟವಳು ಅವಳು. ನನ್ನ ಆರು ವರ್ಷದ ತಂಗಿ ಜಯಳಿಗೆ, "ದೂರ ಕೂತ್ಕೊಂಡು ಮಾತಾಡವ್ವ" ಎಂದು ಅವಳು ಕಲಿಸಿದ್ದಳು. ಮಗು ಪಾಠ ಒಪ್ಪಿಸುವಂತೆ ಮೂರು ಮೊಳ ದೂರದಲ್ಲಿ ಕೂತು ಅಪ್ಪನ ಜೊತೆ ಮಾತಾಡುತ್ತಿತ್ತು. ದೋಣಿ ಬಂದದ್ದು ಜಯಳಿಗಾಗಿ. ನೀರಿನ ಮೇಲೆ ಕೂರಿಸಿಕೊಂಡು ಹೋಗುತ್ತೇನೆ ಎಂದು ಆಸ್ಪತ್ರೆಯಿಂದ ಕಾಗದ ಬರೆದಿದ್ದನಂತೆ. ದೋಣಿಯಲ್ಲಿ ಮೂರು ಮೊಳ ದೂರ ಕೂರಲು ಜಾಗವಿರುವುದಿಲ್ಲ.

ಅಗ್ಗದ್ದನ್ನು ಆರಿಸುವುದು ಒಂದು ವಿದ್ಯೆ. ದುಬಾರಿಯದನ್ನು ಕೊಳ್ಳುವವನು ಯಾರಿಗೂ ಕಾರಣ ಹೇಳಬೇಕಿಲ್ಲ. ಅಗ್ಗದ್ದನ್ನು ಕೊಂಡವನು ಮನೆಗೆ ಬರುವ ದಾರಿಯುದ್ದಕ್ಕೂ ಕಾರಣಗಳನ್ನು ಹೊಂದಿಸುತ್ತ ಬರುತ್ತಾನೆ. ಅಪ್ಪ ರೈಲಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಮದ್ದೂರಿನಲ್ಲಿ ಇಳಿದು ಶಿಂಷೆಯ ದಂಡೆಗೆ ಹೋದೆವು. ನೀರು ತಗ್ಗಿತ್ತು, ಒಂದು ಮಡುವಿನಲ್ಲಿ ಮಾತ್ರ ಆಳವಾಗಿ ನಿಂತಿತ್ತು. ಹರಿಗೋಲನ್ನು ಬೋರಲು ಹಾಕಿಕೊಂಡು ಕೂತಿದ್ದ ಅಂಬಿಗ ಎದ್ದು ಬಂದ.

"ಏನ್ ಬುದ್ಧೀ ಇದು? ಸತ್ತ ಎಮ್ಮೆ ಚರ್ಮ ಮಡಿಚ್ಕೊಂಡು ಬಂದಂಗದೆ!"

"ದೋಣಿ ಕಣಪ್ಪ. ಗಾಳಿ ತುಂಬಬೇಕು."

"ಗಾಳಿ ನಂಬ್ಕೊಂಡು ನೀರಿಗಿಳೀತೀರಾ?"

"ಗಾಳಿ ನಂಬ್ಕೊಂಡೇ ಬದುಕಿರೋದು ನಾನು" ಅಂದ ಅಪ್ಪ.

ಮರದ ದೋಣಿಗೆ ಮರ ಬೇಕು, ಹರಿಗೋಲಿಗೆ ಬಿದಿರೂ ತೊಗಲೂ ಬೇಕು. ಇದು ಮಾತ್ರ ಕೂರುವವರ ಒಳಗಿನದನ್ನೇ ಕೇಳುವ ದೋಣಿ ಎಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಆ ಹೊತ್ತಿನಲ್ಲಿ ನನಗೆ ಕಂಡದ್ದು ಎರಡು ನಳಿಗೆಗಳಷ್ಟೆ.

ಅಪ್ಪ ಎಡಗಡೆಯದನ್ನು ಊದತೊಡಗಿದ. ಹತ್ತು ಹನ್ನೆರಡು ಉಸಿರಿಗೆ ಕತ್ತಿನ ನರ ಎದ್ದವು. ಅವ್ವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಸಾಕು ಬುಡಿ ಇತ್ಲಾಗೆ, ಎದೆ ಒಡ್ಕೊಂಡೀರಿ" ಎಂದು ನಳಿಗೆಯನ್ನು ಅವನ ಬಾಯಿಂದಲೇ ಕಿತ್ತುಕೊಂಡು ತನ್ನ ಬಾಯಿಗಿಟ್ಟಳು. ಒರೆಸಲಿಲ್ಲ. ಒಲೆ ಊದಿ ಪಳಗಿದ ಉಸಿರು ಅವಳದು. ಎಡಗಡೆ ಕುಂಬಳಕಾಯಿಯಂತೆ ಬಿಗಿಯಾಯಿತು.

ಅತ್ತೆ ಕಲ್ಲಿನ ಮೇಲಿಂದ ಏಳಲಿಲ್ಲ. "ನನ್ ಬಾಯಲ್ಲಿ ಒಂದ್ ಅಲ್ಲೂ ಇಲ್ಲ ಕಣಮ್ಮ, ಊದಿದ್ರೆ ಎಲ್ಲಾ ಸೋರೋಯ್ತದೆ" ಅಂದಳು. ಅಂಬಿಗ ನಕ್ಕ.

ಅಷ್ಟರಲ್ಲಿ ಅಪ್ಪ ಬಲಗಡೆಯದನ್ನು ಶುರುಮಾಡಿ, ಅರ್ಧಕ್ಕೆ ಕೆಮ್ಮು ಬಂದು ನಿಲ್ಲಿಸಿದ. ನಳಿಗೆಯ ತುದಿಯನ್ನು ತನ್ನ ಟವಲಿನಿಂದ ತಾನೇ ಎರಡು ಸಲ ಒರೆಸಿ ನನ್ನ ಕಡೆ ಚಾಚಿದ.

ಕ್ರಿಮಿಗಳಿಲ್ಲ ಎಂಬ ಕಾಗದವನ್ನು ಓದಿದವಳು ನಾನು. ಅವ್ವ ಓದಿರಲಿಲ್ಲ. ನಾನು ನೀರಿನ ಕಡೆ ತಿರುಗಿ ಕೂತೆ. ಅವತ್ತಿನ ದಿನಚರಿಯಲ್ಲಿ "ನಾನೂ ಊದಿದೆ" ಎಂದು ನನ್ನದೇ ಅಕ್ಷರದಲ್ಲಿ ಇದೆ. ನೆನಪು ಬೇರೆ ಹೇಳುತ್ತದೆ: ನಳಿಗೆಯನ್ನು ತುಟಿಯ ಹತ್ತಿರ ಹಿಡಿದು ಕೆನ್ನೆ ಉಬ್ಬಿಸಿದೆ, ಇಳಿಸಿದೆ, ಮತ್ತೆ ಉಬ್ಬಿಸಿದೆ. ರಬ್ಬರಿನ ವಾಸನೆ ನೆನಪಿದೆ, ರುಚಿ ನೆನಪಿಲ್ಲ. ನನ್ನ ನೆನಪನ್ನು ನಾನು ಯಾವತ್ತೂ ನಂಬಿದವಳಲ್ಲ. ಇದೊಂದರಲ್ಲಿ ಮಾತ್ರ ಬರೆದದ್ದೇ ಸುಳ್ಳು ಎಂದು ತೋರುತ್ತದೆ. ಕೊನೆಗೆ ಬಿರಟೆ ಒತ್ತಿ "ಆಯ್ತು" ಅಂದೆ.

ಅವ್ವ ಜಯಳನ್ನು ಎತ್ತಿಕೊಂಡಾಗ ಅತ್ತೆ ಕೂಗಿದಳು, "ಮಗೀನ ಬ್ಯಾಡ ಕಣೇ!"

"ನಾನು ಊದಿವ್ನಿ ಅತ್ಗೆ. ನಂಗೇನಾರ ಆದ್ರೆ ಆಗ ಯೋಳಿ."

ಅಂಬಿಗ ದೋಣಿಯನ್ನು ಎರಡೂ ಕಡೆ ತಟ್ಟಿ ನೋಡಿದ. "ಬುದ್ಧೀ, ಬಲಗಡೆ ಮೆತ್ತಗದೆ. ನೀವು ಗಟ್ಟಿ ಕಡೆ ಕೂತ್ಕೊಳಿ, ಮಗು ಅಗುರ, ಈ ಕಡೆ ಇರ್ಲಿ."

ಅಪ್ಪ ಬಲಗಡೆಯನ್ನು ಬೆರಳಲ್ಲಿ ಒತ್ತಿದ. ಬೆರಳು ಒಳಕ್ಕೆ ಹೋಯಿತು. ಇನ್ನೊಮ್ಮೆ ಊದೋಣ ಎನ್ನಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಜಯಳನ್ನು ಗಟ್ಟಿ ಕಡೆ ಕೂರಿಸಿ, ತಾನು ಮೆತ್ತಗಿದ್ದ ಕಡೆ ಕೂತ. ಅವನ ಭಾರಕ್ಕೆ ಅದು ತಗ್ಗಿ ಪಂಚೆ ನೆನೆಯಿತು. ಅಂಬಿಗ ದೋಣಿಗೆ ಕಟ್ಟಿ ಹಿಡಿದಿದ್ದ ಹಗ್ಗ ಸಡಿಲಿಸಿದ. ದೋಣಿ ವಾಲಿಕೊಂಡೇ ಮಡುವಿನೊಳಕ್ಕೆ ಹೋಯಿತು. ಜಯ ಒಂದು ಕ್ಷಣ ಅಂಚನ್ನು ಹಿಡಿದು ತಡೆದುಕೊಂಡಳು. ಆಮೇಲೆ ಮೆಲ್ಲಗೆ ಜಾರುತ್ತ, ಜಾರುತ್ತ, ಅಪ್ಪನ ತೊಡೆಯ ಮೇಲೆ ಹೋಗಿ ಬಿದ್ದಳು. ಎದ್ದು ಬರಲು ದೋಣಿ ಬಿಡಲಿಲ್ಲ. ಅವಳು ನಕ್ಕದ್ದು ದಂಡೆಯವರೆಗೂ ಕೇಳಿಸಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅದು ಭಯಕ್ಕೋ ಬೇರೆ ಯಾವುದಕ್ಕೋ ನನಗೆ ತಿಳಿಯದು.

ಸಂಜೆ ಮನೆಗೆ ಬಂದು ಅಪ್ಪ ದೋಣಿಯನ್ನು ಜಗಲಿಯ ಮೇಲೆ ಹರಡಿ, ನೀರು ಒರೆಸಿ, ಗಾಳಿ ಬಿಡುತ್ತ ಕೂತಿದ್ದ. ಎಡಗಡೆಯ ಗಾಳಿ ಹೋಗಲು ಬಹಳ ಹೊತ್ತು ಹಿಡಿಯಿತು. ನಾನು ಹತ್ತಿರ ಹೋಗಿ ಕೂತು ಒಂದು ಮಾತು ಕೇಳಿದೆ. ಅವನು ಮಡಿಕೆಯ ಮೇಲೆ ಮಡಿಕೆ ಹಾಕುತ್ತಲೇ ಇದ್ದ. ಆಮೇಲೂ ಎರಡು ಸಲ ಕೇಳಿದ್ದೇನೆ, ಒಮ್ಮೆ ಕಾಗದದಲ್ಲಿ. ಉಳಿದ ಎಲ್ಲಕ್ಕೂ ಉತ್ತರ ಬರೆಯುವ ಮನುಷ್ಯ ಅದೊಂದಕ್ಕೆ ಇನ್ನೂ ಬರೆದಿಲ್ಲ.

"ಅಪ್ಪ, ಆ ಮೆತ್ತಗಿನ ಕಡೆಗೇ ಯಾಕೆ ಕೂತ್ಕೊಂಡೆ?"