ಗೊಂಬೆಗಿಟ್ಟ ಹೆಸರು

ಆಗೆಲ್ಲ ರಾಜಾಜಿನಗರದ ನಮ್ಮ ವಠಾರದಲ್ಲಿ ದಸರಾ ಬಂತೆಂದರೆ ಒಂಬತ್ತು ದಿನವೂ ಕೊಬ್ಬರಿ ಮಿಠಾಯಿಯ ವಾಸನೆ. ಸಂಜೆಯಾದರೆ ನಾವು ಹುಡುಗಿಯರು ಲಂಗ ಎತ್ತಿಕೊಂಡು ಮನೆಮನೆಗೆ ಓಡಿ, "ಗೊಂಬೆ ಕೂರ್ಸಿದ್ದೀರೇನ್ರೀ?" ಎಂದು ಕೂಗುತ್ತಿದ್ದೆವು. ಹಾಡು ಹೇಳಿದರೆ ತಿನ್ನಲು ಚರುಪು ಸಿಗುತ್ತಿತ್ತು. ಮಿಠಾಯಿ ಕೊಟ್ಟವರಿಗೆ ಎರಡು ಹಾಡು, ಬರೀ ಉಸಲಿ ಕೊಟ್ಟವರಿಗೆ ಅರ್ಧ. ಅಂಥ ಖದೀಮರು ನಾವು.

ನನಗಾಗ ಹತ್ತು ವರ್ಷ. ಪಕ್ಕದ ಮನೆಯ ರತ್ನಕ್ಕ ಕಾಲೇಜು ಓದುತ್ತಿದ್ದಳು; ದಾವಣಗೆರೆ ಕಡೆಯವರು. ಟೈಪಿಂಗ್ ಕ್ಲಾಸಿಗೆ ಒಬ್ಬಳೇ ಹೋಗಬಾರದೆಂದು ಅವಳಮ್ಮ ಗಂಗಮ್ಮನವರು ನನ್ನನ್ನು ಜೊತೆಗೆ ಅಟ್ಟುತ್ತಿದ್ದರು. ಕ್ಲಾಸಿನ ಹಿಂದೆ ಹೊಂಗೆ ಮರದ ಕೆಳಗೆ ಮಾದೇವಣ್ಣ ಕಾಯುತ್ತಿದ್ದ. ನಮ್ಮ ವಠಾರದ ಓನರ್ ಗೌಡರ ಮಗ, ಜಾತಿ ಬೇರೆ. ನನ್ನ ಕೈಗೆ ಐಸ್‌ಕ್ಯಾಂಡಿ ಕೊಟ್ಟು ದೂರ ಕೂರಿಸಿ ಇಬ್ಬರೂ ಮಾತಾಡುತ್ತಿದ್ದರು.

"ಯಾರ್ಗೂ ಹೇಳ್ಬೇಡ ಕಣೇ, ಹೇಳಿದ್ರೆ ನಮ್ಮಪ್ಪ ಸಾಯಿಸ್ಬಿಡ್ತಾರೆ," ಎನ್ನುತ್ತಿದ್ದಳು ರತ್ನಕ್ಕ. ನಾನು ಹೇಳಲಿಲ್ಲ, ಐಸ್‌ಕ್ಯಾಂಡಿ ಸಿಗುವ ತನಕ.

ಆ ದಸರಾ ಹೊತ್ತಿಗೆ ಅವಳು ನನ್ನನ್ನು ಬಿಟ್ಟು ಎದುರುಮನೆಯ ಏಳು ವರ್ಷದ ಪದ್ಮಳನ್ನು ಕರೆದೊಯ್ಯತೊಡಗಿದಳು. "ನಿಂದು ಬಾಯಿ ಜಾಸ್ತಿ ಕಣೇ. ಅವಳಾದ್ರೆ ಪಾಪದ ಕೂಸು," ಎಂದು ನನ್ನ ಕೆನ್ನೆ ಹಿಂಡಿ ನಕ್ಕಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ನಮ್ಮ ಮನೆಯಲ್ಲಿ ಎಂಟನೆಯ ದಿನ ಪಟ್ಟದ ಗೊಂಬೆಗಳಿಗೆ ಮದುವೆ. ಮಕ್ಕಳೇ ಪುರೋಹಿತರು, ಮಕ್ಕಳೇ ಬೀಗರು. ಗೊಂಬೆಗಳಿಗೆ ಹೆಸರಿಟ್ಟು ಲಗ್ನಪತ್ರಿಕೆ ಓದುವುದು ನನ್ನ ಪಾಲಿನ ಕೆಲಸ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಕೋಸಂಬರಿ ತಿನ್ನುತ್ತ ಕೂತಿದ್ದರು, ಗಂಗಮ್ಮನವರೂ ಇದ್ದರು. ನಾನು ಗಂಟಲು ಸರಿಮಾಡಿಕೊಂಡೆ.

"ನಮ್ಮ ಓನರ್ ಗೌಡರ ಮಗ ಚಿರಂಜೀವಿ ಮಾದೇವನಿಗೂ, ಗಂಗಮ್ಮನವರ ಮಗಳು ಕುಂಕುಮ ಸೌಭಾಗ್ಯವತಿ ರತ್ನಳಿಗೂ, ಟೈಪಿಂಗ್ ಕ್ಲಾಸಿನ ಹಿಂದೆ, ಹೊಂಗೆ ಮರದ ಕೆಳಗೆ..."

ಒಬ್ಬರೂ ನಗಲಿಲ್ಲ. ಗಂಗಮ್ಮನವರು ದೊನ್ನೆ ಕೆಳಗಿಟ್ಟು ನನ್ನ ತೋಳು ಹಿಡಿದರು. "ಮರದ ಸುದ್ದಿ ನಿಂಗ್ಯಾರು ಹೇಳಿದ್ರು?"

"ಪದ್ಮ," ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ.

ಪದ್ಮಳಿಗೆ ಅವಳಮ್ಮ ಪೊರಕೆಯಲ್ಲಿ ಬಾರಿಸಿದರು. ಅವಳು ಅಳುತ್ತ, ಹೂಂ, ನಾನೇ ಹೇಳಿದ್ದು ಎಂದುಬಿಟ್ಟಳು. ಅತ್ತ ರತ್ನಕ್ಕನ ಕಾಲೇಜು ನಿಂತಿತು, ಸೋದರಮಾವನ ಜೊತೆ ಮದುವೆ ಗೊತ್ತಾಯಿತು. ಗೌಡರು ಮಗನಿಗೆ ಚಪ್ಪಲಿಯಲ್ಲಿ ಹೊಡೆದರಂತೆ.

ನಾಲ್ಕು ದಿನ ಕಳೆದು ರತ್ನಕ್ಕ ನಲ್ಲಿಯ ಹತ್ತಿರ ಸಿಕ್ಕಳು. ತುಟಿ ಊದಿತ್ತು. "ಬೇಕಂತಾನೇ ಹೇಳಿದ್ಯೇನೇ?"

"ಇಲ್ಲಕ್ಕ, ಆಟಕ್ಕೆ ಬಾಯಿಗೆ ಬಂತು."

ನಂಬಿದಳು ಪುಣ್ಯಾತ್ಗಿತ್ತಿ! ಬಿಚ್ಚಿಹೋಗಿದ್ದ ನನ್ನ ಜಡೆಗೆ ಟೇಪು ಕಟ್ಟಿ, "ಹೋಗ್ಲಿ ಬಿಡು, ಮಗು ನೀನು," ಎಂದಳು. ಅದಾದ ಮೂರನೆಯ ದಿನ ಕೆಂಗೇರಿಯಾಚೆಯ ಕೆರೆಯಲ್ಲಿ ಅವಳೂ ಮಾದೇವಣ್ಣನೂ ಹೆಣವಾಗಿ ಸಿಕ್ಕರು. ಅವಳ ದಾವಣಿಯಿಂದ ಕೈಗೆ ಕೈ ಕಟ್ಟಿಕೊಂಡಿದ್ದರಂತೆ.

ಆಮೇಲೆ ಶುರುವಾಯಿತು ಪಂಚಾಯಿತಿ. ಗಂಗಮ್ಮನವರು ಗೌಡರಿಗೆ ಮಣ್ಣು ತೂರಿದರು, ಗೌಡರು ಗಂಗಮ್ಮನವರಿಗೆ. ನಲ್ಲಿಯ ಹೆಂಗಸರು ಕಾಲೇಜನ್ನು ಬೈದರು, ಸಿನಿಮಾವನ್ನು ಬೈದರು, ಕೊನೆಗೆ ಪದ್ಮಳನ್ನೂ ಬೈದರು. ನನ್ನ ತಲೆ ಸವರಿ, "ಪಾಪ, ಆಟ ಆಡೋ ಮಗೂಗೇನು ಗೊತ್ತು," ಎಂದು ಚಕ್ಕುಲಿ ಕೊಟ್ಟರು. ತಿಂದೆ.

ಈಗ ಆ ವಠಾರವಿಲ್ಲ. ನಲ್ಲಿಯೂ ಇಲ್ಲ, ಬಾಗಿಲಿಗೆ ಬಂದು ಹಾಡುವ ಹುಡುಗಿಯರೂ ಇಲ್ಲ. ಗಂಗಮ್ಮನವರು, ಗೌಡರು, ನಮ್ಮಮ್ಮ ಎಲ್ಲರೂ ಹೋದರು. ತಪ್ಪು ಯಾರದೆಂದು ಜಗಳವಾಡಲು ನಾವಿಬ್ಬರೇ ಉಳಿದಿದ್ದೇವೆ, ನಾನು ಮತ್ತು ಪದ್ಮ. ಕಳೆದ ದಸರಾದಲ್ಲಿ ವಿಜಯನಗರದ ಅವಳ ಮನೆಗೆ ಹೋಗಿದ್ದೆ. ಕುಂಕುಮ ಕೊಡುತ್ತಿದ್ದವಳು ಇದ್ದಕ್ಕಿದ್ದಂತೆ ಕಣ್ಣಲ್ಲಿ ನೀರು ತುಂಬಿಕೊಂಡಳು.

"ನಾನು ನಿಂಗೆ ಹೇಳಿದ್ದು ಒಂಚೂರೂ ನೆನಪಿಲ್ಲ ಕಣೇ. ಆದ್ರೂ ಅವತ್ತು ನಾನು ಬಾಯಿ ಬಿಡ್ದೇ ಇದ್ದಿದ್ರೆ ಅವರಿಬ್ರೂ ಬದುಕಿರ್ತಿದ್ರು, ಅಲ್ವಾ?"

ನಿಜ ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಕೈ ಹಿಡಿದುಕೊಂಡೆ.

"ಹೋಗ್ಲಿ ಬಿಡೇ," ಎಂದೆ, "ಮಗು ಆಗಿದ್ದೆ ನೀನು."